ಪಟ್ಟಿಯಲ್ಲಿಲ್ಲದ ಅಂಬಲಿ

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ದ್ರವಗಳ ಹರಿವನ್ನು ಲೆಕ್ಕ ಹಾಕಿ ತೋರಿಸುವ ಒಂದು ಸಾಫ್ಟ್‌ವೇರ್ ಇದೆ. ಹನ್ನೊಂದು ವರ್ಷದಿಂದ ವಿಜಯಪುರದ ಹುಡುಗ ಹುಡುಗಿಯರಿಗೆ ನಾನು ಅದನ್ನೇ ಕಲಿಸುತ್ತಿದ್ದೇನೆ. ಒಂದು ಕೊಳವೆಯ ಚಿತ್ರ ಬರೆದು, ಅದರೊಳಗೆ ಯಾವ ದ್ರವ ಹರಿಯಬೇಕೆಂದು ಹೇಳಿದರೆ, ಎಲ್ಲಿ ಜೋರಾಗಿ ಹರಿಯುತ್ತದೆ, ಎಲ್ಲಿ ನಿಧಾನವಾಗುತ್ತದೆ ಎಂದು ಬಣ್ಣಗಳಲ್ಲಿ ತೋರಿಸುತ್ತದೆ. ನೀರು, ಗಾಳಿ, ಡೀಸೆಲ್, ಗ್ಲಿಸರಿನ್ ಎಂದು ದ್ರವಗಳ ಒಂದು ಪಟ್ಟಿ ಅದರಲ್ಲೇ ಇರುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ಬೇಕಾದರೆ ನಾವೇ ಮಾಡಿಕೊಳ್ಳಬೇಕು. ನೀರನ್ನು ನಕಲು ಮಾಡಿ, ಹೆಸರು ಬದಲಿಸಿ, ಆಮೇಲೆ ಅದರ ಗುಣಗಳನ್ನು ಒಂದೊಂದಾಗಿ ತಿದ್ದಬೇಕು. ಮುಖ್ಯವಾದದ್ದು ಸ್ನಿಗ್ಧತೆ. ಹರಿ ಎಂದರೆ ಹರಿಯಲು ಒಂದು ದ್ರವ ಎಷ್ಟು ಮೊಂಡಾಟ ಮಾಡುತ್ತದೆ ಎಂಬುದರ ಅಳತೆ ಅದು.

ಪ್ರತಿ ವರ್ಷ ಅರ್ಧ ಕ್ಲಾಸು ಒಂದೇ ತಪ್ಪು ಮಾಡುತ್ತದೆ. ಜೇನುತುಪ್ಪ ಎಂದು ಹೆಸರು ಕೊಟ್ಟು ಒಳಗಿನ ಅಂಕಿಗಳನ್ನು ತಿದ್ದಲು ಮರೆಯುತ್ತಾರೆ. ಪರದೆಯ ಮೇಲೆ ಜೇನುತುಪ್ಪ ನಲ್ಲಿ ನೀರಿನಂತೆ ದಬದಬ ಸುರಿಯುತ್ತದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಬರೇ ಹೆಸರ ಬದಲ ಮಾಡೀರಿ, ಒಳಗ ನೀರ ಐತಿ" ಎಂದು ಬೈಯುತ್ತಿದ್ದೆ. ಕಾರಿಡಾರಿನಲ್ಲಿ ನನ್ನ ಬೆನ್ನ ಹಿಂದೆ ಆ ಮಾತನ್ನು ನನ್ನದೇ ದನಿಯಲ್ಲಿ ಅಣಕಿಸುತ್ತಿದ್ದರು. ಕೇಳಿಯೂ ಕೇಳದವಳಂತೆ ಹೋಗುತ್ತಿದ್ದೆ. ಈಗ ಆ ಮಾತನ್ನು ನಾನು ಆಡುವುದಿಲ್ಲ. ತಪ್ಪು ಕಂಡರೆ ಸುಮ್ಮನೆ ಬೆರಳಿಟ್ಟು ತೋರಿಸುತ್ತೇನೆ.

ಅಕ್ಕನ ವಿಷಯ ಹೇಳಬೇಕು. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ, ಅಕ್ಕನಿಗೆ ಇಪ್ಪತ್ತು. ಅಷ್ಟರಲ್ಲೇ ಅವಳು ಗಂಡನ ಮನೆ ಬಿಟ್ಟು ಬಂದಿದ್ದಳು. ಏಕೆ ಬಂದಳೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ತಿಕೋಟಾ ಬಸ್ ಸ್ಟ್ಯಾಂಡಿನ ಎದುರಿನ ಓಣಿಯಲ್ಲಿ ಒಂದು ಖಾನಾವಳಿ ಇಟ್ಟಳು. ಜೋಳದ ರೊಟ್ಟಿ, ಕಾಳುಪಲ್ಲೆ, ಶೇಂಗಾ ಹಿಂಡಿ, ಬೇಸಿಗೆಯಲ್ಲಿ ಅಂಬಲಿ. ಕಂಡಕ್ಟರರು, ದ್ರಾಕ್ಷಿ ಕೊಳ್ಳಲು ಬರುವವರು, ಹೊನವಾಡಕ್ಕೆ ಹೋಗುವ ಸಾಲಿ ಮಾಸ್ತರರು ಎಲ್ಲ ಅಲ್ಲೇ ಉಣ್ಣುತ್ತಿದ್ದರು. ಅಡುಗೆಮನೆಯ ಹೊಸ್ತಿಲು ನನಗೆ ಗಡಿ. ನೀರು ಕುಡಿಯಲು ಒಳಗೆ ಹೋದರೂ ಅಕ್ಕ ಲಟ್ಟಣಿಗೆ ತೋರಿಸಿ ಹೊರಗೆ ಅಟ್ಟುತ್ತಿದ್ದಳು. ಹೊರಗೆ ಗಿರಾಕಿಗಳ ಬೆಂಚಿನ ತುದಿಯಲ್ಲಿ ಕೂತು ನಾನು ಓದಬೇಕು, ಅಷ್ಟೇ. ನಾನು ಇಂಜಿನಿಯರಿಂಗ್ ಮುಗಿಸಿ, ಮುಂದೆ ಓದಿ, ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ ಮೇಲೂ ಬಂದ ಗಿರಾಕಿಗಳಿಗೆಲ್ಲ ಅವಳು ಹೇಳುತ್ತಿದ್ದ ಮಾತು ಒಂದೇ. "ನಮ್ಮ ತಂಗಿಗೆ ಒಂದ ಕಪ್ಪ ಚಾ ಮಾಡಾಕ ಬರೂದಿಲ್ಲ ನೋಡ್ರಿ." ಬೇರೆಯವರು ಮನೆಯ ಹೆಣ್ಣುಮಕ್ಕಳ ಮೇಲೆ ದೂರು ಹೇಳಲು ಆಡುವ ಮಾತು ಅದು. ಅಕ್ಕನ ಬಾಯಲ್ಲಿ ಅದು ಹೆಮ್ಮೆ.

ಆ ಖಾನಾವಳಿಯಲ್ಲಿ ಮೂವತ್ತು ವರ್ಷ ರೊಟ್ಟಿ ಬಡಿದವಳು ಒಬ್ಬ ಮುಸ್ಲಿಂ ಹೆಂಗಸು. ಅಕ್ಕನಿಗಿಂತ ಐದಾರು ವರ್ಷ ದೊಡ್ಡವಳು. ಸಣ್ಣವಳಿದ್ದಾಗಿನಿಂದ ನಾನು ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ಅವಳು ನನ್ನನ್ನು ತಂಗಿ ಅನ್ನುತ್ತಾಳೆ. ಓದಿದ್ದು ಮೂರನೆಯ ಇಯತ್ತೆ.

ಎರಡು ವರ್ಷದ ಹಿಂದೆ ಒಂದು ಮುಂಜಾನೆ ಹಿಟ್ಟು ನಾದುತ್ತಿದ್ದಾಗ ಅಕ್ಕನ ಬಲಗೈ ಹಿಟ್ಟಿನಲ್ಲೇ ನಿಂತುಬಿಟ್ಟಿತು. ಖಾಲಾ ಜೀಪು ನಿಲ್ಲಿಸಿ ವಿಜಯಪುರಕ್ಕೆ ಕರೆತಂದಳು. ಪಾರ್ಶ್ವವಾಯು. ಜೀವ ಉಳಿಯಿತು, ಹಿಡಿದುಕೊಂಡು ನಡೆಯುವಷ್ಟು ಕಾಲು ಬಂತು, ಮಾತು ತೊದಲುತ್ತಾದರೂ ಬಂತು. ನುಂಗುವುದು ಮಾತ್ರ ಹೋಯಿತು. ಒಂದು ಗುಟುಕು ನೀರು ಕೊಟ್ಟರೂ ಅದು ಅನ್ನನಾಳಕ್ಕೆ ಹೋಗದೆ ಶ್ವಾಸನಾಳಕ್ಕೆ ಇಳಿಯುತ್ತಿತ್ತು. ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿದರು. ಎಡಗೈಯಿಂದ ಅವಳು ಅದನ್ನು ಎರಡು ಸಲ ಕಿತ್ತು ಹಾಕಿದಳು, ಎರಡು ಸಲವೂ ತಿರುಗಿ ಹಾಕಿದರು. ಮೂವತ್ತು ವರ್ಷ ಊರಿಗೆ ಉಣಬಡಿಸಿದವಳಿಗೆ ಸಿರಿಂಜಿನಲ್ಲಿ ಹಾಲು.

ತಿಂಗಳ ಮೇಲೆ ನಳಿಕೆ ತೆಗೆದರು. ನುಂಗುವುದನ್ನು ಕಲಿಸುವ ಒಬ್ಬ ಎಳೆ ವಯಸ್ಸಿನ ಡಾಕ್ಟರಮ್ಮ ಗುರುವಾರಕ್ಕೊಮ್ಮೆ ಆ ಆಸ್ಪತ್ರೆಗೆ ಬರುತ್ತಿದ್ದಳು. ತೆಳುವಾದದ್ದು ಏನೂ ಕೊಡಬಾರದು, ಒಂದು ಪುಡಿ ಬೆರೆಸಿ ಗಟ್ಟಿ ಮಾಡಿ ಕೊಡಬೇಕು ಎಂದಳು. ಗಟ್ಟಿಯಾದದ್ದು ಗಂಟಲಲ್ಲಿ ನಿಧಾನಕ್ಕೆ ಇಳಿಯುತ್ತದೆ, ಅಷ್ಟರಲ್ಲಿ ಶ್ವಾಸನಾಳದ ಬಾಗಿಲು ಮುಚ್ಚಿಕೊಳ್ಳಲು ಸಮಯ ಸಿಗುತ್ತದೆ. ನನಗೆ ಥಟ್ಟನೆ ಅರ್ಥವಾಯಿತು. ನಾನು ದಿನಾ ಪಾಠ ಹೇಳುವುದೇ ಅದನ್ನಲ್ಲವೇ?

ಅಕ್ಕನನ್ನು ನನ್ನ ಮನೆಗೆ ಕರೆತಂದೆ. ಪುಡಿ ಹಾಕಿದ ನೀರನ್ನು, ಹಾಲನ್ನು, ಬೇಳೆಯ ಕಟ್ಟನ್ನು ಅವಳು ಬಾಯಿಗೆ ಸೇರಿಸಲಿಲ್ಲ. "ಅಂಟ ತಿನಸಾಕತ್ತೀ ಏನ ಬೇ" ಎಂದು ಮುಖ ತಿರುಗಿಸುತ್ತಿದ್ದಳು. ದಿನಕ್ಕೆ ನಾಲ್ಕು ಚಮಚ ಹೋದರೆ ಹೆಚ್ಚು. ತೂಕ ಇಳಿಯುತ್ತಾ ಬಂತು. ಹದಿನೈದು ದಿನ ನೋಡೋಣ, ಬಾಯಿಂದ ಸಾಕಷ್ಟು ಹೋಗದಿದ್ದರೆ ಮತ್ತೆ ನಳಿಕೆಯೇ ಗತಿ ಎಂದು ದೊಡ್ಡ ಡಾಕ್ಟರು ಹೇಳಿದರು. ಅವತ್ತು ಆಟೋದಲ್ಲಿ ಅಕ್ಕ ನನ್ನ ಮೊಣಕೈ ಹಿಡಿದು, ಒಂದೊಂದೇ ಶಬ್ದ ಕೂಡಿಸಿ ಹೇಳಿದಳು. "ಮೂಗಿನಾಗ ನಳಿಗಿ ಬ್ಯಾಡ. ಸತ್ತರೂ ಬ್ಯಾಡ." ಹಾಕಿಸುವುದಿಲ್ಲ ಎಂದು ಮಾತು ಕೊಟ್ಟೆ.

ಏನು ತಿನ್ನುತ್ತೀ ಎಂದು ಕೇಳಿದರೆ ಅಂಬಲಿ ಅಂದಳು. ಖಾಲಾ ಆಗ ಬಬಲೇಶ್ವರದ ಮಗಳ ಮನೆಗೆ ಹೋಗಿದ್ದಳು. ವಾರಕ್ಕೆರಡು ಸಲ ಬಸ್ಸು ಹಿಡಿದು ಅಕ್ಕನನ್ನು ನೋಡಲು ಬರುತ್ತಿದ್ದಳು. ಅವಳನ್ನು ಮುಂದೆ ಕೂರಿಸಿಕೊಂಡು ನಲವತ್ತು ದಾಟಿದ ನಾನು ಮೊದಲ ಸಲ ಜೋಳದ ಹಿಟ್ಟು ನೀರಿಗೆ ಕಲಸಿ, ಕುದಿಸಿ, ಅಂಬಲಿ ಮಾಡಿದೆ. ಖಾಲಾ ಹಿಡಿ ಅಂದರೆ ನಾನು ಗ್ರಾಂ ಬರೆದುಕೊಂಡೆ, ಒಂದು ಕುದಿ ಅಂದರೆ ಮೊಬೈಲಿನಲ್ಲಿ ಸಮಯ ನೋಡಿದೆ. ಅವಳು ನಗುತ್ತಾ ಕೂತಿದ್ದಳು. ಕೊನೆಗೆ ಮಜ್ಜಿಗೆ ಹಾಕು ಅಂದಳು. ಬೇಡ ಎಂದೆ. ದಿನಕ್ಕೊಂದು ಥರದ ಮಜ್ಜಿಗೆ, ಅದನ್ನು ಸೇರಿಸಿದರೆ ಅಳತೆ ಕೈಗೆ ಸಿಗುವುದಿಲ್ಲ. ಉಪ್ಪು, ಜೀರಿಗೆ ನೀರು ಸಾಕು. ಮಜ್ಜಿಗೆ ಇಲ್ಲದ್ದು ಎಂಥ ಅಂಬಲಿ ಎಂದು ಇಬ್ಬರೂ ಗೊಣಗಿದರು.

ಸ್ಟೀಲಿನ ಡಬ್ಬಿಯಲ್ಲಿ ಅಂಬಲಿಯನ್ನು ಲ್ಯಾಬಿಗೆ ಒಯ್ದೆ. ಎಣ್ಣೆಗಳ ಸ್ನಿಗ್ಧತೆ ಅಳೆಯಲು ತಂದ ಒಂದು ಯಂತ್ರ ಅಲ್ಲಿದೆ. ದ್ರವದಲ್ಲಿ ಒಂದು ಕಡ್ಡಿಯನ್ನು ತಿರುಗಿಸಿ, ಅದಕ್ಕೆ ಎಷ್ಟು ತಡೆ ಬಂತೆಂದು ನೋಡುತ್ತದೆ. ಮೊದಲು ಪುಡಿ ಬೆರೆಸಿದ ನೀರನ್ನು ಅಳೆದೆ, ಆಮೇಲೆ ಅಂಬಲಿಯನ್ನು. ಬರೀ ನೀರಿನದು ಕದಡಿದರೂ ಬಿಟ್ಟರೂ ಒಂದೇ ಅಂಕಿ. ಪುಡಿ ನೀರು, ಅಂಬಲಿ ಹಾಗಲ್ಲ, ಕದಡಿದಷ್ಟೂ ತೆಳುವಾಗುತ್ತವೆ. ಅವಕ್ಕೆ ಒಂದೇ ಅಂಕಿ ಸಾಲದು, ಒಂದು ಸೂತ್ರವೇ ಬೇಕು. ಹಿಟ್ಟು ಹೆಚ್ಚು ಕಡಿಮೆ ಮಾಡುತ್ತಾ ಐದನೆಯ ಸಲಕ್ಕೆ ಅಂಬಲಿಯ ಗೆರೆ ಪುಡಿ ನೀರಿನ ಗೆರೆಯ ಮೇಲೆ ಹೆಚ್ಚು ಕಡಿಮೆ ಕೂತಿತು. ಸಾಫ್ಟ್‌ವೇರ್ ತೆರೆದು ನೀರನ್ನು ನಕಲು ಮಾಡಿ, ಹೆಸರಿನ ಜಾಗದಲ್ಲಿ ಅಂಬಲಿ ಎಂದು ಬರೆದೆ. ಸಾಂದ್ರತೆ ತಿದ್ದಿದೆ, ಸ್ನಿಗ್ಧತೆಯ ಜಾಗದಲ್ಲಿ ಸೂತ್ರ ತುಂಬಿದೆ, ಎರಡೆರಡು ಸಲ ನೋಡಿದೆ. ನನ್ನ ವಿದ್ಯಾರ್ಥಿಗಳು ಮಾಡುವ ತಪ್ಪನ್ನು ನಾನು ಮಾಡುವವಳೇ?

ಪುಸ್ತಕದ ಚಿತ್ರ ನೋಡಿ ಗಂಟಲಿನ ಆಕಾರ ಬರೆದೆ. ಲ್ಯಾಪ್‌ಟಾಪಿನಲ್ಲಿ ಅಕ್ಕನಿಗೆ ತೋರಿಸಿದೆ. ನೀಲಿ ಬಣ್ಣದ ನೀರು ಕ್ಷಣದಲ್ಲಿ ಸರಕ್ಕನೆ ಜಾರಿ ಹೋಗುತ್ತದೆ, ಕೆಂಪು ಬಣ್ಣದ ಅಂಬಲಿ ನಿಧಾನಕ್ಕೆ ಇಳಿಯುತ್ತದೆ. ಯಾರ ಗಂಟಲು ಅದು ಎಂದು ಕೇಳಿದಳು. ನಿನ್ನದೇ ಎಂದೆ. ಇಷ್ಟು ಛಂದ ಐತೇನು ಎಂದು ಬಾಯಿಯ ಒಂದೇ ಬದಿಯಿಂದ ನಕ್ಕಳು. ಆ ತಿಂಗಳಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ನುಂಗುವುದನ್ನು ಕಲಿಸುವ ಡಾಕ್ಟರಮ್ಮನಿಗೆ ಫೋನು ಮಾಡಿದೆ. ಅಂಬಲಿ ಒಳ್ಳೆಯದೇ, ಆದರೆ ಗುರುವಾರ ಕರೆದುಕೊಂಡು ಬನ್ನಿ, ನಾನು ನುಂಗಿಸಿ ನೋಡುವವರೆಗೆ ಕೊಡಬೇಡಿ ಎಂದಳು. ಅವತ್ತು ಶುಕ್ರವಾರ. ಆರು ದಿನ. ಅಕ್ಕನ ಕಾಲರ್ ಬೋನು ಎದ್ದು ಕಾಣುತ್ತಿತ್ತು, ಹದಿನೈದರಲ್ಲಿ ಎಂಟು ದಿನ ಆಗಲೇ ಹೋಗಿದ್ದವು. ನನ್ನ ಕೈಯಲ್ಲಿ ಗ್ರಾಫು ಇತ್ತು. ನಿನ್ನೆ ಮೊನ್ನೆ ಕಾಲೇಜು ಬಿಟ್ಟ ಹುಡುಗಿ ಹೇಳಿದಳೆಂದು ನಾನು ಕಾಯಬೇಕೇ ಅನ್ನಿಸಿತು. ಸುಳ್ಳೇಕೆ ಹೇಳಲಿ, ಇದೇ ಮಾತು ಅನ್ನಿಸಿತು. ಶನಿವಾರ ಮುಂಜಾನೆ ಅಂಬಲಿ ಕೊಟ್ಟೆ.

ಅಕ್ಕ ಉಂಡಳು. ಒಂದು ಬಟ್ಟಲು ಪೂರ್ತಿ ಉಂಡಳು. ಒಂದು ಚಮಚ ಬಾಯಿಗಿಟ್ಟರೆ ಗಲ್ಲ ಎದೆಗೆ ತಾಗಿಸಿ, ಎರಡೆರಡು ಸಲ ನುಂಗಿ, ಬಾಯಿ ತೆರೆದು ಖಾಲಿ ತೋರಿಸಬೇಕು. ಆಮೇಲೆ ಇನ್ನೊಂದು. ಒಂದು ಬಟ್ಟಲಿಗೆ ಮುಕ್ಕಾಲು ಗಂಟೆ. ಭಾನುವಾರ, ಸೋಮವಾರವೂ ಹಾಗೇ. ಕಾಲೇಜಿಗೆ ಹೋಗುವಾಗ ಬಸವೇಶ್ವರ ಸರ್ಕಲ್ಲಿನ ಗದ್ದಲವೂ ಹಿತವಾಗಿ ಕೇಳಿಸಿತು. ನನ್ನ ಓದು ಒಂದು ದಿನ ಅಕ್ಕನ ಹೊಟ್ಟೆಗೆ ಬಿತ್ತಲ್ಲ ಎಂದು ಸಹೋದ್ಯೋಗಿಗಳ ಮುಂದೆ ಕೊಚ್ಚಿಕೊಂಡೆ. ಒಬ್ಬರು ಇದನ್ನು ಬರೆದು ಸಮ್ಮೇಳನಕ್ಕೆ ಕಳಿಸಿ ಎಂದರು. ಕಳಿಸಬೇಕೆಂದೇ ಇದ್ದೆ.

ಮಂಗಳವಾರ ಖಾಲಾ ಬಂದಳು. ನಾನು ಉಣಿಸುತ್ತಿದ್ದೆ. ಚಮಚ ಅಕ್ಕನ ಬಾಯಿಗೆ, ಬಾಯಿಂದ ಬಟ್ಟಲಿಗೆ, ಬಟ್ಟಲಿನಿಂದ ಮತ್ತೆ ಬಾಯಿಗೆ. ಖಾಲಾ ಸ್ವಲ್ಪ ಹೊತ್ತು ನೋಡಿದಳು.

"ತಂಗಿ, ಎಂಜಲ ಚಮಚಾ ತಿರಗಿ ಬಟ್ಟಲದಾಗ ಅದ್ದಬ್ಯಾಡ. ಬ್ಯಾರೆ ಬಟ್ಟಲದಾಗ ಸ್ವಲ್ಪ ಸ್ವಲ್ಪ ತಕ್ಕೊಂಡ ಉಣಸು."

ನನಗೆ ಸಿಟ್ಟು ಬಂತು. ಎಂಜಲು, ಮುಸುರೆ ಎಂದು ಹೆಂಗಸರು ಜೀವನಪೂರ್ತಿ ಕೈ ತೊಳೆಯುತ್ತಾ ಕೂರುವುದನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಒಂದೇ ತಾಟಿನಲ್ಲಿ ಉಣಿಸಿ ನನ್ನನ್ನು ಬೆಳೆಸಿದವಳು ಅಕ್ಕ.

"ಅಕ್ಕನ ಎಂಜಲಕ್ಕ ನಾ ಹೇಸೂದಿಲ್ಲ ಖಾಲಾ" ಎಂದೆ. ಮಾತು ಸ್ವಲ್ಪ ಒರಟಾಗಿಯೇ ಬಂತು.

ಖಾಲಾಳ ಮುಖ ಸಣ್ಣದಾಯಿತು. ಮುಂದೆ ಏನೋ ಹೇಳಲು ಬಾಯಿ ತೆರೆದವಳು ಅಕ್ಕನ ಸೀರೆ ಒಗೆಯುತ್ತೇನೆಂದು ಎದ್ದು ಹೋದಳು. ಮಧ್ಯಾಹ್ನದ ಬಸ್ಸಿಗೆ ಬಬಲೇಶ್ವರಕ್ಕೆ ಹೊರಟುಬಿಟ್ಟಳು. ಚಹಾ ಕುಡಿದು ಹೋಗು ಎಂದು ನಾನು ಅನ್ನಲಿಲ್ಲ, ಅಂದಿದ್ದರೂ ಮಾಡಲು ನನಗೆ ಬರುತ್ತಿರಲಿಲ್ಲ.

ಬುಧವಾರ ಬಟ್ಟಲು ಮುಗಿಯುವ ಹೊತ್ತಿಗೆ ಅಕ್ಕನಿಗೆ ಸಣ್ಣ ಕೆಮ್ಮು ಬಂತು. ನೆನೆಸಿಕೊಂಡರೆ ಸೋಮವಾರವೂ ಬಂದಿತ್ತು, ಅದೂ ಬಟ್ಟಲಿನ ಕೊನೆಗೇ. ದಣಿದಿದ್ದಾಳೆ ಅಂದುಕೊಂಡೆ. ತಳದಲ್ಲಿದ್ದ ಅಂಬಲಿ ಸ್ವಲ್ಪ ಸಡಿಲವಾಗಿ ಕಂಡಿತ್ತು. ಕದಡಿದ್ದಕ್ಕೆ ತೆಳುವಾಗಿದೆ, ಸೂತ್ರದಲ್ಲಿ ಅದು ಇದ್ದೇ ಇದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗುರುವಾರ ಬೆಳಗ್ಗೆ ಮೈ ಸುಡುತ್ತಿತ್ತು. ಉಸಿರೆಳೆದರೆ ಎದೆಯಲ್ಲಿ ಗೊರಗೊರ ಸದ್ದು. ನುಂಗುವುದನ್ನು ತೋರಿಸಲು ಹೋಗಬೇಕಾಗಿದ್ದ ದಿನ ಅದೇ ಆಸ್ಪತ್ರೆಯ ತುರ್ತು ವಾರ್ಡಿಗೆ ಹೋದೆವು. ಅಂಬಲಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿತ್ತು.

ಸುದ್ದಿ ಕೇಳಿ ಆ ಎಳೆ ಡಾಕ್ಟರಮ್ಮ ಮೇಲೆ ಬಂದಳು. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ಎಷ್ಟು ಹೊತ್ತು ಉಣಿಸುತ್ತಿದ್ದಿರಿ, ಒಂದೇ ಚಮಚವನ್ನು ಬಾಯಿಗೂ ಬಟ್ಟಲಿಗೂ ಹಾಕುತ್ತಿದ್ದಿರಾ ಎಂದು ಎರಡೇ ಪ್ರಶ್ನೆ ಕೇಳಿದಳು. ಹೇಳಿದೆ. ಅವಳು ಕಣ್ಣು ಕೆಳಗೆ ಮಾಡಿ ನಿಧಾನಕ್ಕೆ ವಿವರಿಸಿದಳು. ನಮ್ಮ ಜೊಲ್ಲು ಬೆಂದ ಹಿಟ್ಟನ್ನು ಕರಗಿಸುತ್ತದೆ. ಚಮಚಕ್ಕೆ ಅಂಟಿಕೊಂಡು ಬಟ್ಟಲಿಗೆ ಬಿದ್ದ ಒಂದಿಷ್ಟು ಜೊಲ್ಲು ಸಾಕು, ಅರ್ಧ ಗಂಟೆಯಲ್ಲಿ ಬಟ್ಟಲಿನ ಅಂಬಲಿ ನೀರಾಗುತ್ತದೆ. ಆ ಪುಡಿಗೆ ಜೊಲ್ಲಿನಿಂದ ಏನೂ ಆಗುವುದಿಲ್ಲ, ಅದಕ್ಕೇ ಅದನ್ನು ಕೊಟ್ಟಿದ್ದು.

ನಾನು ಮೊದಲು ನೆನೆಸಿಕೊಂಡದ್ದು ಖಾಲಾಳ ಮುಖವನ್ನು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಫೋನು ಮಾಡಿ, ಅವತ್ತು ಏನು ಹೇಳಬೇಕೆಂದಿದ್ದೆ ಎಂದು ಕೇಳಿದೆ.

"ಎಂಜಲಾದ ಅಂಬಲಿ ನೀರೊಡೀತೈತೆವ್ವಾ" ಎಂದಳು. "ಕೂಸಿಗೆ ಉಣಿಸಿದಾಕಿ ಯಾರನ್ನರ ಕೇಳು."

ನಾನು ಯಾವ ಕೂಸಿಗೂ ಉಣಿಸಿದವಳಲ್ಲ. ಅಡುಗೆಮನೆಯ ಹೊಸ್ತಿಲೊಳಗೆ ಕೂತ ಯಾವ ಹೆಂಗಸಿಗೂ ಗೊತ್ತಿದ್ದ ಸಂಗತಿ ಅದು. ನಾನು ಅದನ್ನು ಮಡಿ ಮೈಲಿಗೆಯ ಮಾತೆಂದು ತಿಳಿದು ಬಾಯಿ ಮುಚ್ಚಿಸಿದ್ದೆ.

ನಳಿಕೆ ಹಾಕಲು ಸಹಿ ಬೇಕು ಎಂದರು. ಸಹಿ ಮಾಡಿದೆ. ಅಕ್ಕ ಕಿತ್ತು ಹಾಕಬಾರದೆಂದು ಎಡಗೈಯನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಿದರು. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಕಿಟಕಿಯ ಕಡೆ ತಿರುಗಿದೆ.

ಜ್ವರ ಇಳಿದ ಮೇಲೆ ಒಂದು ದಿನ ಲ್ಯಾಬಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಅದೇ ಅಳತೆಯ ಅಂಬಲಿ ಮಾಡಿ ಒಯ್ದಿದ್ದೆ. ಚಮಚವನ್ನು ನನ್ನ ಬಾಯಿಗೆ ಹಾಕಿಕೊಂಡು ಮತ್ತೆ ಅದರಲ್ಲಿ ಅದ್ದಿದೆ, ಅಕ್ಕನಿಗೆ ಉಣಿಸಿದಷ್ಟೇ ಸಲ. ಕಡ್ಡಿ ತಿರುಗುತ್ತಾ ಹೋಯಿತು. ಹತ್ತು ನಿಮಿಷಕ್ಕೆ ಅಂಕಿ ಅರ್ಧಕ್ಕಿಂತ ಕೆಳಗಿಳಿಯಿತು. ಅರ್ಧ ಗಂಟೆಗೆ ಡಬ್ಬಿಯಲ್ಲಿದ್ದದ್ದು ನೀರಿನಷ್ಟು ತೆಳುವಾಗಿತ್ತು. ಇನ್ನೊಂದು ಡಬ್ಬಿಯಲ್ಲಿ, ಖಾಲಾ ಹೇಳಿದ್ದಂತೆ ಹುಳಿ ಮಜ್ಜಿಗೆ ಬೆರೆಸಿದ ಅಂಬಲಿಯನ್ನೂ ಅಳೆದೆ. ಹುಳಿ ಇದ್ದರೆ ಜೊಲ್ಲಿನ ಆಟ ಅಷ್ಟು ನಡೆಯುವುದಿಲ್ಲ. ಅದು ಇಳಿಯಿತು, ಆದರೆ ಬಹಳ ನಿಧಾನವಾಗಿ ಇಳಿಯಿತು. ಅಂಕಿಗಳನ್ನು ಬರೆದುಕೊಳ್ಳಲು ಪೆನ್ನು ತೆಗೆದೆ, ಬರೆಯಲಿಲ್ಲ. ಪರದೆಯ ಮೇಲೆ ದ್ರವಗಳ ಪಟ್ಟಿ ತೆರೆದಿತ್ತು. ಅಂಬಲಿ ಎಂದು ನಾನೇ ಕೊಟ್ಟ ಹೆಸರು, ಅದರ ಮುಂದೆ ನಾನೇ ಎರಡೆರಡು ಸಲ ಪರೀಕ್ಷಿಸಿದ ಸೂತ್ರ. ಉಣ್ಣುವ ಬಾಯಿಯೊಂದು ಅದರ ಎದುರಿಗೆ ಇದೆ ಎಂದು ಹೇಳುವ ಜಾಗ ನಾನು ತುಂಬಿದ ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಜಾಗವಿದ್ದರೂ ಏನು ಬರೆಯಬೇಕೆಂದು ನನಗೆ ತಿಳಿದಿರಲಿಲ್ಲ. ಬಹಳ ಹೊತ್ತು ಅತ್ತೆ.

ಅಕ್ಕನನ್ನು ಮನೆಗೆ ಕರೆತಂದ ಮೇಲೆ ಅವಳಿಗೆ ಎಲ್ಲವನ್ನೂ ಹೇಳಿದೆ. ಡಾಕ್ಟರಮ್ಮ ಕಾಯಿರಿ ಅಂದದ್ದು, ನಾನು ಕಾಯದೇ ಇದ್ದದ್ದು, ಖಾಲಾ ಹೇಳಿದ್ದು, ನಾನು ಅವಳ ಬಾಯಿ ಮುಚ್ಚಿಸಿದ್ದು. ಬೈಯಲಿ ಎಂದು ಕಾಯ್ದೆ. ಲಟ್ಟಣಿಗೆ ಎತ್ತುತ್ತಿದ್ದ ಕೈ ಹಾಸಿಗೆಯ ಮೇಲೆ ಬಿದ್ದಿತ್ತು. ಮೂಗಿನ ನಳಿಕೆಯಿಂದಾಗಿ ಅವಳ ಮಾತು ಇನ್ನಷ್ಟು ಕೆಟ್ಟಿತ್ತು, ಕಿವಿ ಹತ್ತಿರ ಒಯ್ಯಬೇಕಾಯಿತು.

"ತಪ್ಪ ನಂದ" ಎಂದಳು. ಉಸಿರು ತೆಗೆದುಕೊಂಡಳು. "ನಿನ್ನ ಒಲಿ ಮುಂದ ಬರಗೊಡಲಿಲ್ಲ ನಾ."

ಹಾಗನ್ನಬೇಡ ಎಂದೆ. ನೀನು ಬಿಟ್ಟಿದ್ದರೆ ನಾನು ಇವತ್ತು ಏನಾಗಿರುತ್ತಿದ್ದೆ ಎಂದೆ. ಅವಳು ಕಣ್ಣು ಮುಚ್ಚಿದ್ದಳು.

ಮುಂದಿನ ನಾಲ್ಕು ತಿಂಗಳು ಅವಳ ಹೊಟ್ಟೆಗೆ ಹೋದದ್ದೆಲ್ಲ ನಳಿಕೆಯಿಂದಲೇ. ಖಾಲಾ ತಿರುಗಿ ಬಂದಳು, ನಾನು ಕಾಲು ಹಿಡಿಯಲು ಬಗ್ಗಿದರೆ ಹುಚ್ಚಿ ಎಂದು ತಲೆ ಸವರಿದಳು. ಅವಳ ಪಕ್ಕ ನಿಂತು ನಾನು ಒಂದೊಂದೇ ಕಲಿತೆ. ರೊಟ್ಟಿ ಬಡಿಯುವಾಗ ಇನ್ನೂ ಹರಿದುಹೋಗುತ್ತಿತ್ತು, ಸಾರು, ಪಲ್ಲೆ, ಚಹಾ ಬಂದವು. ಅಕ್ಕ ಮಂಚದಿಂದ ನೋಡುತ್ತಿದ್ದಳು. ವಾಸನೆ ಬಂದರೆ ಮೂಗು ಅರಳಿಸುತ್ತಿದ್ದಳು.

ಒಂದು ಭಾನುವಾರ ನನ್ನ ಕಾಲೇಜಿನ ಇಬ್ಬರು ಅಕ್ಕನನ್ನು ನೋಡಲು ಬಂದರು. ಹಿಂದೆಲ್ಲ ತಿಕೋಟಾಕ್ಕೆ ಹೋಗಿ ಅವಳ ಕೈಯ ರೊಟ್ಟಿ ಉಂಡವರು, ಅವಳು ಹೆಮ್ಮೆಯಿಂದ ಹೇಳುತ್ತಿದ್ದ ಆ ಹಳೆಯ ಮಾತನ್ನು ಹತ್ತು ಸಲ ಕೇಳಿದವರು. ನಾನು ಒಳಗೆ ಹೋಗಿ ಚಹಾ ಮಾಡಿ ತಂದು ಕೊಟ್ಟೆ. ಅವರಲ್ಲೊಬ್ಬರು ಒಂದು ಗುಟುಕು ಕುಡಿದು, ಅಕ್ಕನ ಕಡೆ ತಿರುಗಿ, ನಿಮ್ಮ ತಂಗಿಗೆ ಚಹಾ ಮಾಡಾಕ ಬಂತಲ್ರಿ ಅಕ್ಕಾರ, ಮಸ್ತ್ ಆಗೈತಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಅಕ್ಕ ನನ್ನ ಕೈಯಲ್ಲಿದ್ದ ಚಹಾದ ತಾಟನ್ನು ನೋಡಿದಳು. ಆಮೇಲೆ ಗೋಡೆಯ ಕಡೆ ಮುಖ ಹೊರಳಿಸಿದಳು. ಅವರು ಎದ್ದು ಹೋಗುವವರೆಗೂ ಈ ಕಡೆ ತಿರುಗಲಿಲ್ಲ.